ಎಡಗಡೆ ಕಿಟಕಿ ಸೀಟು

ಅಂಡಮಾನಿಗೆ ಹೋದವರು ಬಾರಾಟಾಂಗ್ ದ್ವೀಪ ನೋಡದೆ ಬರಬಾರದಂತೆ. ಅಲ್ಲೇನಿದೆ ಅಂತ ಟೂರಿನ ಹುಡುಗನನ್ನು ಕೇಳಿದೆ. ಸುಣ್ಣಕಲ್ಲಿನ ಗುಹೆ, ಮ್ಯಾಂಗ್ರೋವ್ ಕಾಡು, ಮಣ್ಣಿನ ಜ್ವಾಲಾಮುಖಿ ಅಂದ. ಆಮೇಲೆ ದನಿ ತಗ್ಗಿಸಿದ. "ಅದೃಷ್ಟ ಇದ್ರೆ ದಾರೀಲಿ ಅವರೂ ಕಾಣಿಸ್ತಾರೆ ಸರ್."

ಅವರು ಅಂದರೆ ಜರಾವಾ ಜನ. ಆ ಮಳೆಕಾಡಿನಲ್ಲಿ ಸಾವಿರಾರು ವರ್ಷಗಳಿಂದ ಬದುಕಿರುವವರು. 2011ರ ಜನಗಣತಿಯಲ್ಲಿ ಸಿಕ್ಕ ಲೆಕ್ಕ 380. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದೇವೆ.

ಬೆಳಗಿನ ಜಾವ ಮೂರಕ್ಕೇ ಎಬ್ಬಿಸಿದರು. ಐದರೊಳಗೆ ಜಿರ್ಕಾಟಾಂಗ್ ಚೆಕ್‌ಪೋಸ್ಟಿನ ಸಾಲಿನಲ್ಲಿ ನಿಂತಿದ್ದೆವು. ಕಾನ್ವಾಯ್, ಅಂದರೆ ಪೊಲೀಸ್ ಕಾವಲಿನ ಗಾಡಿಗಳ ಸಾಲು, ಬಿಡುವ ತನಕ ಚಹಾ, ವಡೆ, ಆಧಾರ್ ಜೆರಾಕ್ಸ್. ಒಂದು ದೊಡ್ಡ ಬೋರ್ಡು ಬೇರೆ. ಫೋಟೊ ತೆಗೆಯಬಾರದು, ಗಾಡಿ ನಿಲ್ಲಿಸಬಾರದು, ತಿಂಡಿ ಕೊಡಬಾರದು. ಬೋರ್ಡು ಓದಿ ಮುಗಿಸಿದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರೊಬ್ಬರು ಕೈಚೀಲದಿಂದ ಕೋಡುಬಳೆ ಪೊಟ್ಟಣ ತೆಗೆದು ಷರ್ಟಿನ ಜೇಬಿಗೆ ಸೇರಿಸಿದರು. "ಪಾಪ, ಇರಲಿ," ಅಂದರು. ಅಂದವರೇ ಎರಡು ಸಲ ಸೀನಿದರು.

ಈ ರಸ್ತೆಯ ಕಥೆ ಸ್ವಲ್ಪ ಹೇಳಬೇಕು. ಜರಾವಾಗಳ ಮೀಸಲು ಕಾಡನ್ನು ಸೀಳಿಕೊಂಡು ಹೋಗುವ ಅಂಡಮಾನ್ ಟ್ರಂಕ್ ರಸ್ತೆಯನ್ನು ಆ ಭಾಗದಲ್ಲಿ ಮುಚ್ಚಿ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಆಡಳಿತದವರು ಕೋರ್ಟಿನ ಮಾತಿಗೆ ಬೆಲೆ ಕೊಡದವರೇನಲ್ಲ. ಮುಚ್ಚಿದರು. ಕಿಟಕಿ ಮುಚ್ಚಿಸಿದರು, ಕ್ಯಾಮೆರಾ ಮುಚ್ಚಿಸಿದರು. ರಸ್ತೆಯೊಂದು ಉಳಿದುಹೋಯಿತು, ಅಷ್ಟೇ. 2012ರಲ್ಲಿ ಜರಾವಾ ಹೆಣ್ಣುಮಕ್ಕಳನ್ನು ತಿಂಡಿ ಆಸೆಗೆ ಕುಣಿಸಿದ ವಿಡಿಯೊ ಹೊರಬಂದು ಲೋಕವೆಲ್ಲ ಛೀ ಥೂ ಅಂದಿತು. ಆಗ ಬೋರ್ಡಿನ ಅಕ್ಷರ ಇನ್ನಷ್ಟು ದಪ್ಪ ಆಗಿರಬೇಕು.

ಫೋಟೊ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ನಾವು ತೆಗೆದರೆ ಜೈಲು. ಸರ್ಕಾರ ತೆಗೆದರೆ ವೋಟರ್ ಐಡಿ. ಸುಮ್ನೆ ಹೇಳ್ತಿಲ್ಲ, 2025ರ ಜನವರಿಯಲ್ಲಿ 19 ಜರಾವಾಗಳಿಗೆ ಮತದಾರರ ಗುರುತಿನ ಚೀಟಿ ಕೊಟ್ಟರು. ಹೊರಗಿನವರು ಅವರ ಹತ್ತಿರ ಸುಳಿಯಬಾರದು ಅನ್ನೋದು ಕಾನೂನು. ಇನ್ನು ಪ್ರಚಾರಕ್ಕೆ ಹೋಗೋ ಅಭ್ಯರ್ಥಿ ಕಾನ್ವಾಯಲ್ಲೇ ಕೂತು, ಮುಚ್ಚಿದ ಕಿಟಕಿಯೊಳಗಿಂದ ಕೈ ಮುಗೀಬೇಕೇನೋ.

ಆರಕ್ಕೆ ಗೇಟು ತೆರೆಯಿತು. ಹಿಂದೆ ಮುಂದೆ ಪೊಲೀಸು, ನಡುವೆ ಮದುವೆ ದಿಬ್ಬಣದ ಹಾಗೆ ನಮ್ಮ ಗಾಡಿಗಳು. ಸುಮಾರು 50 ಕಿಲೋಮೀಟರ್ ದಾರಿ. ಎರಡೂ ಕಡೆ ಆಕಾಶ ಮುಟ್ಟುವ ಗರ್ಜನ್ ಮರಗಳು, ಬೆತ್ತ, ಬಳ್ಳಿ. ಒಬ್ಬರೂ ಮರ ನೋಡಲಿಲ್ಲ. ಎಲ್ಲರೂ ಮರದ ಸಂದಿ ನೋಡುತ್ತಿದ್ದೆವು. ಡ್ರೈವರು ಮುಂದೆ ನೋಡುತ್ತಲೇ "ಸೇತುವೆ ದಾಟಿದ ಮೇಲೆ ಲೆಫ್ಟು" ಅಂದ. ಅಷ್ಟಕ್ಕೇ ಬಸ್ಸು ಎಡಕ್ಕೆ ವಾಲಿತು.

"ಅಗೋ!" ಅಂತ ಯಾರೋ ಕೂಗಿದರು. ಮೈಮೇಲೆ ಅಂಗಿ ಇಲ್ಲದ ಕಪ್ಪು ಮನುಷ್ಯ. ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಮ್ಯಾನೇಜರ ಹೆಂಡತಿ ಕೈ ಮುಗಿದೇಬಿಟ್ಟರು. ಹತ್ತಿರ ಹೋದಾಗ ಪಕ್ಕದಲ್ಲಿ ಡಾಂಬರು ಡ್ರಮ್ಮು ಕಾಣಿಸಿತು. ರಸ್ತೆ ರಿಪೇರಿ ಆಳು. ಸೆಕೆಗೆ ಷರ್ಟು ಬಿಚ್ಚಿ ಗಿಡಕ್ಕೆ ನೇತುಹಾಕಿದ್ದ. ಬೀಡಿ ಸೇದುತ್ತಾ ನಮ್ಮನ್ನು ನೋಡಿದ, ಆಕಳಿಸಿದ. ಅವನು ಜರಾವಾ ಅಲ್ಲ ಅಂತ ಗೊತ್ತಾದ ಕೂಡಲೇ ಅವನ ಕಡೆ ಯಾರೂ ತಿರುಗಲಿಲ್ಲ.

ಬಸ್ಸಿನ ತುಂಬ ಸೀನು, ಕೆಮ್ಮು. ಎಸಿ ಜಾಸ್ತಿ ಆಯ್ತು ಅಂತ ಎಲ್ಲರ ದೂರು. ಜರಾವಾಗಳು ಹೊರಗಿನವರ ಹತ್ತಿರ ಬರತೊಡಗಿದ್ದು 1998ರ ಸುಮಾರಿಗೆ. ಮರುವರ್ಷವೇ ಅವರಿಗೆ ದಡಾರ ಬಡಿಯಿತು. ಇದನ್ನು ಪಕ್ಕದ ಸೀಟಿನವರಿಗೆ ಹೇಳಿದೆ. "ಹೌದಾ? ಅಲ್ಲಿ ಸ್ವಚ್ಛತೆ ಕಮ್ಮಿ ಅಲ್ವಾ," ಅಂದರು, ಮೂಗು ಒರೆಸಿದ ಟಿಶ್ಯೂ ಸೀಟಿನ ಕೆಳಗೆ ಹಾಕುತ್ತಾ.

ಗುಹೆ ನೋಡಿದೆವು. ಜ್ವಾಲಾಮುಖಿಯನ್ನೂ ನೋಡಿದೆವು. ಬೇಲಿ ಹಾಕಿದ ಒಂದು ಕೆಸರಿನ ಗುಂಡಿ. ಆಗಾಗ ಗುಳುಕ್ ಅಂತ ಒಂದು ಗುಳ್ಳೆ. ನಮ್ಮೂರಲ್ಲಿ ಬೋರ್‌ವೆಲ್ ಪೈಪು ಒಡೆದರೆ ಇದಕ್ಕಿಂತ ಎತ್ತರಕ್ಕೆ ಚಿಮ್ಮುತ್ತದೆ. ಆ ಗುಳ್ಳೆಗೋಸ್ಕರ ದಿನಾ ಇಷ್ಟು ಗಾಡಿ ಕಾಡು ಹೊಕ್ಕು ಬರುತ್ತವೆ ಅಂತ ಕಾಗದದ ಮೇಲೆ ನಂಬಬೇಕು.

ಊಟದ ಹೊತ್ತಿಗೆ ಮ್ಯಾನೇಜರು ಟೂರಿನ ಹುಡುಗನನ್ನು ತರಾಟೆಗೆ ತೆಗೆದುಕೊಂಡರು. ದುಡ್ಡು ಕೊಟ್ಟಿದ್ದೀವಿ, ಒಬ್ಬರೂ ಸಿಗಲಿಲ್ಲ, ಏನ್ರೀ ಇದು? ಹುಡುಗ ತಲೆ ಕೆರೆದುಕೊಂಡ. "ಟೂರಲ್ಲಿ ಅದು ಇಲ್ಲವೇ ಇಲ್ಲ ಸರ್, ಅದು ಇಲ್ಲೀಗಲ್ಲು," ಅಂದ. ಮತ್ತೆ ದನಿ ತಗ್ಗಿಸಿದ. "ವಾಪಸ್ ಹೋಗುವಾಗ ಬಲಗಡೆ ಕೂತ್ಕೊಳ್ಳಿ."

ಮೂರು ಗಂಟೆಯ ಕಾನ್ವಾಯಿಗೆ ಇನ್ನೂ ಅರ್ಧ ಗಂಟೆ ಇತ್ತು. ಬಸ್ಸಿನ ಹತ್ತಿರ ಹೋಗಿ ನೋಡಿದರೆ, ಬಲಗಡೆಯ ಅಷ್ಟೂ ಕಿಟಕಿ ಸೀಟಿನ ಮೇಲೆ ಕರ್ಚೀಫು ಬಿದ್ದಿತ್ತು. ಒಂದರ ಮೇಲೆ ಕೋಡುಬಳೆ ಪೊಟ್ಟಣ.