ತಲೆಗೆ ಪೆಟ್ಟಾದ ಮೇಲೆ ಮೊಬೈಲ್ ಗೇಮ್: ಯಾವಾಗ, ಯಾವುದು, ಎಷ್ಟು

ಕಾಸರಗೋಡಿನ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ, ಅಡಿಕೆ ಮರದ ಸಂಕ (ತೋಡು ದಾಟುವ ಕಾಲುಸೇತುವೆ), ಸ್ಕಿಡ್ ಆಗುವ ಸ್ಕೂಟರ್ ಯಾವುದಾದರೂ ಸಾಕು, ತಲೆಗೆ ಪೆಟ್ಟಾಗಲಿಕ್ಕೆ. ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದರೆ ‘ನಾರ್ಮಲ್’ ಅಂತ ಬರುತ್ತದೆ. ಸೌಮ್ಯ ಪೆಟ್ಟಿನಲ್ಲಿ ಹೆಚ್ಚಾಗಿ ಹಾಗೆಯೇ. ಆದರೆ ಮನೆಗೆ ಬಂದವರಿಗೆ ಲೆಕ್ಕ ತಪ್ಪುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಒಂದೂ ತಲೆಗೆ ಹೋಗುವುದಿಲ್ಲ. ಆಗ ‘ಮೊಬೈಲಲ್ಲಿ ಬ್ರೇನ್ ಗೇಮ್ ಆಡು, ಸರಿಯಾಗ್ತದೆ’ ಅನ್ನುವವರು ಇದ್ದೇ ಇರುತ್ತಾರೆ. ಗೇಮ್ ಉಪಯೋಗಕ್ಕೆ ಬರುತ್ತದೆ, ಪ್ರಮಾಣ ನೋಡಿ ಆಡಿಸಿದರೆ ಮಾತ್ರ.

ಮೊದಲ 48 ಗಂಟೆ ಬೇಡವೇ ಬೇಡ, ಮೊಬೈಲನ್ನೇ ಆದಷ್ಟು ದೂರ ಇಡಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಇರುವ ತಲೆನೋವು, ಫಿಟ್ಸ್, ತೊದಲು ಮಾತು, ಎಬ್ಬಿಸಿದರೂ ಬಿಡದ ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರನ್ನು ಲಕ್ಷಣಕ್ಕೆ ಕಾಯದೆ ತೋರಿಸಿ.

ಆಮೇಲೆ ವೈದ್ಯರು ಒಪ್ಪಿದರೆ ದಿನಕ್ಕೆ ಎರಡು ಸಲ, ಸಲಕ್ಕೆ 10 ನಿಮಿಷ. ಆಡುವ ಮೊದಲು ತಲೆನೋವಿಗೆ 0ಯಿಂದ 10ರೊಳಗೆ ಪೆಟ್ಟಾದವರಿಂದಲೇ ಒಂದು ಅಂಕ ಕೊಡಿಸಿ ಬರೆದಿಡಿ. 2 ಅಂಕಕ್ಕಿಂತ ಹೆಚ್ಚು ಏರಿದರೆ ನಿಲ್ಲಿಸಿ. ಸ್ವಲ್ಪ ಏರಿ ಒಂದು ಗಂಟೆಯೊಳಗೆ ಇಳಿದರೆ ಹೆದರಬೇಕಿಲ್ಲ. ಇಳಿಯದಿದ್ದರೆ ಮರುದಿನ 5 ನಿಮಿಷ ಸಾಕು. ರಾತ್ರಿ ಮಲಗುವ ಹೊತ್ತಿಗೆ ಆಡಿಸಬೇಡಿ, ಈಗ ನಿದ್ರೆಗಿಂತ ದೊಡ್ಡ ಚಿಕಿತ್ಸೆ ಇಲ್ಲ.

ಜೋಡಿ ಚಿತ್ರ ಹುಡುಕುವುದು, ಸುಲಭದ ಸುಡೊಕು, ನಿಧಾನದ ಟೆಟ್ರಿಸ್ ಆಗಬಹುದು. ಕಾರ್ ರೇಸ್, ಗನ್ ಹಿಡಿದು ಓಡುವ ಗೇಮ್ ಬೇಡ. ಕಣ್ಣಿಗೆ ಓಡಿದ ಹಾಗೆ ಕಾಣುತ್ತದೆ, ಒಳಗಿವಿಗೆ ಮೈ ಅಲುಗಿದ್ದು ಗೊತ್ತಾಗುವುದಿಲ್ಲ. ಎರಡನ್ನು ಹೊಂದಿಸಲಾಗದೆ ತಲೆ ಸುತ್ತುತ್ತದೆ. ಹೆಚ್ಚಿನವರು ಗಮನಿಸದ ತೊಂದರೆ ಜಾಹೀರಾತಿನದು: ಶಾಂತವಾದ ಗೇಮಿನ ನಡುವೆ ಥಟ್ಟನೆ ಮಿನುಗುವ ಬೆಳಕು, ಗದ್ದಲ. ಏರೋಪ್ಲೇನ್ ಮೋಡ್ ಹಾಕಿ, ಶಬ್ದ ತೆಗೆದು, ಬೆಳಕು ತಗ್ಗಿಸಿ ಕೊಡಿ. ತಾನಾಗಿ ಕಷ್ಟವಾಗುತ್ತ ಹೋಗುವ ಗೇಮ್ ಆದರೆ ಪ್ರತಿಸಲ ಮೊದಲ ಮಟ್ಟದಿಂದಲೇ ಶುರು ಮಾಡಿಸಿ.

ಸ್ಕೋರ್ ಏರಿತೆಂದು ಮಿದುಳು ವಾಸಿಯಾಯಿತು ಅನ್ನಬೇಡಿ. ಆಡಿದ್ದು ಚೆನ್ನಾಗಿ ಬರುತ್ತದೆ, ಅಂಗಡಿ ಲೆಕ್ಕ ಅದರ ಜೊತೆ ತಾನಾಗಿ ಬರುವುದಿಲ್ಲ. ಬ್ರೇನ್ ಗೇಮ್ ಮಾರುವ ಲುಮಾಸಿಟಿ, ಆಧಾರವಿಲ್ಲದ ಜಾಹೀರಾತಿನ ಪ್ರಕರಣದಲ್ಲಿ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು.

ಹಾಗಾಗಿ ಗೇಮಿನಲ್ಲಿ ಕುದುರಿದ ಗಮನವನ್ನು ಮನೆಗೆಲಸಕ್ಕೆ ತರಲೇಬೇಕು. ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆ ಇದಕ್ಕೆ ಬಹಳ ಒಳ್ಳೆಯದು. ಒಂದು ಗೆರಸೆಯಷ್ಟು (ಮೊರದಷ್ಟು) ಕೊಟ್ಟು ಮೊದಲು ಒಳ್ಳೆಯದು, ಕಪ್ಪಾಗಿ ಹಾಳಾದ ಕರಿಗೋಟು ಅಂತ ಎರಡೇ ರಾಶಿ ಮಾಡಿಸಿ. ಅದು ತಪ್ಪದೆ ಬಂದ ಮೇಲೆ ಒಡಕು ಬಿದ್ದ ಪಟೋರವನ್ನು ಮೂರನೇ ರಾಶಿಯಾಗಿ ಸೇರಿಸಿ, ಆಮೇಲೆ ರೇಡಿಯೋ ಹಾಕಿ. ತಪ್ಪು ಎಷ್ಟನೇ ನಿಮಿಷಕ್ಕೆ ಶುರುವಾಗುತ್ತದೆ ಅಂತ ಮನೆಯವರು ಸುಮ್ಮನೆ ಗುರುತು ಹಾಕಿಕೊಳ್ಳಲಿ. ಒಂದು ತಿಂಗಳಾದರೂ ಆ ನಿಮಿಷ ಮುಂದೆ ಹೋಗದಿದ್ದರೆ ನರರೋಗ ತಜ್ಞರನ್ನೋ ದಿನನಿತ್ಯದ ಕೆಲಸ ಮತ್ತೆ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟರನ್ನೋ ಕಾಣಿ. ಹೋಗುವಾಗ ಈ ಬರೆದಿಟ್ಟ ಪುಸ್ತಕವನ್ನೂ ಕೊಂಡೊಯ್ಯಿರಿ, ಸ್ಕ್ಯಾನಿನಲ್ಲಿ ಕಾಣದ್ದು ಅದರಲ್ಲಿ ಇರುತ್ತದೆ.