ಸಪೋರ್ಟ್ ಮುಗಿದ ದಿನ ಏನೂ ಆಗಲ್ಲ, ತೊಂದರೆ ಇರೋದೇ ಅಲ್ಲಿ

ಪೀಣ್ಯ, ಬೊಮ್ಮಸಂದ್ರ ಕಡೆ ಸಣ್ಣಪುಟ್ಟ ಫ್ಯಾಕ್ಟರಿ ನಡೆಸೋರಿಗೆ, ಅಲ್ಲಿ ಐಟಿ ನೋಡ್ಕೊಳೋರಿಗೆ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಿಮ್ಮ ಅಕೌಂಟ್ಸ್ ರೂಮಲ್ಲಿರೋ ಸರ್ವರ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ 2016 (ಲೆಕ್ಕದ ಡೇಟಾ ಎಲ್ಲ ಕೂಡಿಡೋ ಮೈಕ್ರೋಸಾಫ್ಟ್ ಡೇಟಾಬೇಸ್) ಇದ್ರೆ ಅದರ ಸಪೋರ್ಟ್, ಅಂದ್ರೆ ಮೈಕ್ರೋಸಾಫ್ಟ್ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು, ಅದರ ಕೊನೇ ದಿನ 2026ರ ಜುಲೈ 14. ವಿಂಡೋಸ್ ಸರ್ವರ್ 2016ಕ್ಕೆ 2027ರ ಜನವರಿ 12. ವಿಂಡೋಸ್ ಸರ್ವರ್ 2012 ಆರ್2 ಇನ್ನೂ ಓಡಿಸ್ತಿರೋರೂ ಇದಾರೆ, ಅದರ ಮಾಮೂಲಿ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೇ ಮುಗಿದುಹೋಯ್ತು.

ಆ ದಿನ ಏನಾಗತ್ತೆ ಅಂತ ಕೇಳಿದ್ರೆ, ಏನೂ ಆಗಲ್ಲ. ಬೆಳಿಗ್ಗೆ ಸರ್ವರ್ ಆನ್ ಆಗತ್ತೆ, ಇಆರ್‌ಪಿ (ಬಿಲ್ಲು, ಸ್ಟಾಕು, ಲೆಕ್ಕ ಎಲ್ಲ ನೋಡ್ಕೊಳೋ ಸಾಫ್ಟ್‌ವೇರ್) ಓಪನ್ ಆಗತ್ತೆ, ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಡೆಲಿವರಿ ಚಲನ್ ಬರತ್ತೆ, ಓನರ್ರು "ನೋಡ್ರೀ, ಸುಮ್ನೆ ಹೆದರಿಸ್ತಿದ್ರಿ" ಅಂತಾರೆ. ನನಗೆ ಭಯ ಆಗೋದೇ ಆ ಮಾತಿಗೆ. ಇನ್ಶೂರೆನ್ಸ್ ಮುಗಿದ ಲಾರಿನೂ ಮಾರನೇ ದಿನ ಅದೇ ಸ್ಪೀಡಲ್ಲೇ ಓಡತ್ತೆ. ಫೈಲ್‌ಗಳನ್ನ ಲಾಕ್ ಮಾಡಿ ದುಡ್ಡು ಕೇಳ್ತಿದ್ದ ವನ್ನಾಕ್ರೈ ವೈರಸ್ ನೆನಪಿದ್ಯಲ್ಲ, ಅದು ನುಗ್ಗಿದ ವಿಂಡೋಸ್ ತೂತಿಗೆ ಸಪೋರ್ಟ್ ಇದ್ದ ವಿಂಡೋಸ್‌ಗಳಿಗೆ 2017ರ ಮಾರ್ಚ್‌ನಲ್ಲೇ ಪ್ಯಾಚ್ (ತೂತು ಮುಚ್ಚೋ ಅಪ್‌ಡೇಟ್) ಬಂದಿತ್ತು, 2014ರಲ್ಲೇ ಸಪೋರ್ಟ್ ಮುಗಿದಿದ್ದ ಎಕ್ಸ್‌ಪಿಗೆ ಎಲ್ಲರಿಗೂ ಸಿಗೋ ಹಾಗೆ ಪ್ಯಾಚ್ ಬಿಟ್ಟಿದ್ದು ಮೇ 12ಕ್ಕೆ ದಾಳಿ ಶುರುವಾದ ಮೇಲೆ.

ಇದಕ್ಕೆ ಎಲ್ಲರೂ ಹೇಳೋ ಉತ್ತರ ಒಂದಿದೆ, ನಮ್ ಸರ್ವರ್‌ಗೆ ಇಂಟರ್ನೆಟ್ಟೇ ಇಲ್ಲ ಸಾರ್ ಅಂತ. ಹತ್ತು ವರ್ಷದ ಹಿಂದೆ ಅದು ನಿಜ ಇತ್ತೇನೋ. ವಹಿವಾಟು 5 ಕೋಟಿ ದಾಟಿರೋ ವ್ಯಾಪಾರಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ, ಇಆರ್‌ಪಿಯಿಂದ ನೇರವಾಗಿ ಐಆರ್‌ಎನ್ (ಪ್ರತಿ ಇ-ಇನ್‌ವಾಯ್ಸ್‌ಗೆ ಸರ್ಕಾರದ ಪೋರ್ಟಲ್ ಕೊಡೋ ನಂಬರ್) ತಗೊಳ್ತಿದೀರ ಅಂದ್ರೆ ನಿಮ್ಮ ಸರ್ವರ್ ದಿನಕ್ಕೆ ಎಷ್ಟೋ ಸಲ ಹೊರಗಡೆ ಹೋಗಿ ಬರ್ತಿದೆ. ಅದೂ ಸಾಲದು ಅಂತ ಸಾಫ್ಟ್‌ವೇರ್ ಮಾಡಿಕೊಟ್ಟೋರು ರಿಮೋಟ್‌ನಲ್ಲಿ ಬಂದು ರಿಪೇರಿ ಮಾಡೋಕೆ ಒಂದು ದಾರಿ ಬಿಟ್ಕೊಂಡಿರ್ತಾರೆ, ಅದರ ಪಾಸ್‌ವರ್ಡ್ ಯಾರ್ಯಾರ ಹತ್ರ ಇದೆ ಅಂತ ಓನರ್ರಿಗೂ ಗೊತ್ತಿರಲ್ಲ.

ಸರಿ, ಪ್ಲಾನ್ ಮಾಡೋಣ ಅಂದ ತಕ್ಷಣ ಎಲ್ಲರೂ ಮೊದಲು ಮಾಡೋ ಕೆಲಸ ಹೊಸ ಸರ್ವರ್‌ಗೆ ಕೊಟೇಶನ್ ತರ್ಸೋದು. ನನ್ನ ಪ್ರಕಾರ ಅದು ಕೊನೇ ಕೆಲಸ. ಮೊದಲು ಆ ಹಳೇ ಡಬ್ಬದಲ್ಲಿ ಏನೇನು ನೇತಾಡ್ತಿದೆ ಅಂತ ನೋಡಬೇಕು. ಒಂದು ಫ್ಯಾಬ್ರಿಕೇಶನ್ ಯೂನಿಟ್‌ನಲ್ಲಿ ನಾನು ನೋಡಿದ್ದು ಹೇಳ್ತೀನಿ: ಸರ್ವರ್ ಹಿಂದೆ ಹಸಿರು ಬಣ್ಣದ ಯುಎಸ್‌ಬಿ ಡಾಂಗಲ್, ಸಡಿಲ ಆಗಬಾರದು ಅಂತ ಸೆಲೋಟೇಪ್ ಸುತ್ತಿದಾರೆ, ಅದಿಲ್ಲದೆ ಇಆರ್‌ಪಿ ತೆರೆಯಲ್ಲ, ಅದನ್ನ ಕೊಟ್ಟ ಕಂಪನಿ ನಂಬರ್ ಚಾಲ್ತಿಯಲ್ಲಿಲ್ಲ, ಅದರ ಡ್ರೈವರ್ ಹೊಸ ವಿಂಡೋಸ್‌ನಲ್ಲಿ ಇನ್‌ಸ್ಟಾಲೇ ಆಗ್ತಿಲ್ಲ. ವೇಬ್ರಿಡ್ಜ್‌ನ ತೂಕ ಹಳೇ ಸೀರಿಯಲ್ ಕೇಬಲ್‌ನಲ್ಲಿ ಬಂದು ಅದೇ ಡೇಟಾಬೇಸ್‌ಗೆ ಬೀಳತ್ತೆ. ಎಸ್‌ಎ ಪಾಸ್‌ವರ್ಡ್, ಅಂದ್ರೆ ಡೇಟಾಬೇಸ್‌ನ ಮಾಸ್ಟರ್ ಪಾಸ್‌ವರ್ಡ್, ಪ್ರೋಗ್ರಾಂ ಒಳಗೇ ಬರ್ದು ಬಿಟ್ಟಿದಾರೆ, ಬದಲಾಯಿಸಿದ್ರೆ ಬಿಲ್ಲಿಂಗೇ ನಿಲ್ಲತ್ತೆ. ಇದ್ಯಾವುದೂ ಹೊಸ ಸರ್ವರ್ ಕೊಟೇಶನ್‌ನಲ್ಲಿ ಬರೋ ವಿಷಯ ಅಲ್ಲ. ಇದನ್ನೆಲ್ಲ ಸರಿಯಾಗಿ ಹೇಳೋರು ಅಕೌಂಟ್ಸ್ ಮೇಡಂ, ಸ್ಟೋರ್ಸ್‌ನವರು, ಗೇಟಲ್ಲಿ ಇನ್‌ವರ್ಡ್ ಎಂಟ್ರಿ ಮಾಡೋ ಹುಡುಗ. ಅವರನ್ನ ಮೀಟಿಂಗ್‌ಗೆ ಕರೆಯಲ್ಲ, ಕೊನೆಗೆ ಸಿಸ್ಟಮ್ ನಿಂತಾಗ ರಾತ್ರಿ ಹತ್ತು ಗಂಟೆವರೆಗೆ ಕೂತು ಕೈಯಲ್ಲಿ ಬಿಲ್ ಬರೆಯೋರು ಮಾತ್ರ ಅವರೇ. ಇದು ನನಗೆ ನಿಜವಾಗ್ಲೂ ಸಿಟ್ಟು ಬರ್ಸೋ ವಿಷಯ.

ಆಮೇಲೆ ಒಂದು ಬೇರೆ ಪಿಸಿ ತಗೊಂಡು, ಹೊಸ ವರ್ಷನ್ ಹಾಕಿ, ನಿನ್ನೆ ಬ್ಯಾಕಪ್ ಅದರಲ್ಲಿ ರಿಸ್ಟೋರ್ ಮಾಡಿ ನೋಡಿ. ಬ್ಯಾಕಪ್ ತಗೊಳ್ತಿದೀವಿ ಅನ್ನೋರು ಬಹಳ ಜನ, ರಿಸ್ಟೋರ್ ಮಾಡಿ ನೋಡಿರೋರು ಕಮ್ಮಿ. ಹಳೇದ್ರಲ್ಲಿ ಹೊಸದ್ರಲ್ಲಿ ಎರಡರಲ್ಲೂ ಟ್ರಯಲ್ ಬ್ಯಾಲೆನ್ಸ್ ತೆಗೆಸಿ ರೂಪಾಯಿಗೆ ರೂಪಾಯಿ ತಾಳೆ ಆಗ್ಬೇಕು, ಕ್ಲೋಸಿಂಗ್ ಸ್ಟಾಕ್ ತಾಳೆ ಆಗ್ಬೇಕು, ಒಂದು ಇನ್‌ವಾಯ್ಸ್ ಪ್ರಿಂಟ್ ಹೊಡೆದು ನೋಡಬೇಕು. ಇಲ್ಲಿ ಒಂದು ವಿಷಯ ತಲೇಲಿ ಇಟ್ಕೊಳಿ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಳೇ ಬ್ಯಾಕಪ್ ಹೊಸ ವರ್ಷನ್‌ಗೆ ಹೋಗತ್ತೆ, ಹೊಸ ವರ್ಷನ್ ಬ್ಯಾಕಪ್ ಹಳೇದಕ್ಕೆ ವಾಪಸ್ ಬರಲ್ಲ. ಅಂದ್ರೆ ಹೊಸದರಲ್ಲಿ ನಾಲ್ಕು ದಿನ ಬಿಲ್ ಹಾಕಿ ಆಮೇಲೆ ಬೇಡ ಅನ್ನಿಸಿದ್ರೆ ಆ ನಾಲ್ಕು ದಿನದ ಎಂಟ್ರಿನ ಮತ್ತೆ ಕೂತು ಹಾಕೋದೇ ದಾರಿ. ಅದಕ್ಕೇ ಟ್ರಯಲ್ ಅಷ್ಟು ಮುಖ್ಯ.

ಬದಲಾಯಿಸೋ ದಿನ ಯಾವುದು ಅನ್ನೋದ್ರಲ್ಲೂ ಹುಷಾರಾಗಿರಿ. ಮಾರ್ಚ್ ಎಂಡಿಂಗ್ ಬೇಡವೇ ಬೇಡ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಹೀಗೆ ಜಿಎಸ್‌ಟಿ ರಿಟರ್ನ್‌ಗಳು ಇರತ್ತೆ, ಅದು ಮುಗಿದ ಮೇಲಿನ ಶನಿವಾರ ಭಾನುವಾರ ಒಳ್ಳೇದು, ಆಯುಧಪೂಜೆ ಟೈಮಲ್ಲಿ ಫ್ಯಾಕ್ಟರಿ ರಜ ಇದ್ರೆ ಇನ್ನೂ ಒಳ್ಳೇದು.

ಸಪೋರ್ಟ್ ಮುಗಿಯೋದ್ರೊಳಗೆ ಬದಲಾಯಿಸೋಕೆ ಆಗಲ್ಲ ಅನ್ನೋರಿಗೆ ಎಸ್‌ಕ್ಯೂಎಲ್ 2016ಕ್ಕೆ ದುಡ್ಡು ಕೊಟ್ರೆ ಮೂರು ವರ್ಷದವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗತ್ತೆ. ತಗೊಳಿ, ತಪ್ಪಿಲ್ಲ, ಆದ್ರೆ ಅದು ಮುಗಿಯೋ ತಾರೀಕನ್ನೂ ಈಗ್ಲೇ ಬಜೆಟ್‌ನಲ್ಲಿ ಬರ್ಕೊಳಿ.

ಕ್ಲೌಡ್‌ಗೆ ಹೋಗ್ಬಿಡಿ ಎಲ್ಲಾ ತಲೆನೋವು ಮುಗಿಯತ್ತೆ ಅಂತ ಮಾರೋಕೆ ಬರೋರು ಹೇಳ್ತಾರೆ. ಕೆಲವರಿಗೆ ಅದು ಸರಿಯಾದ ದಾರಿನೇ, ನಾನೂ ಕೆಲವರಿಗೆ ಅದನ್ನೇ ಹೇಳ್ತೀನಿ. ಆದ್ರೆ ಹಳೇ ಲೆಕ್ಕ ಎಲ್ಲಿ ಹೋಗತ್ತೆ ಅಂತ ಕೇಳಿ. ಪ್ರೈವೇಟ್ ಲಿಮಿಟೆಡ್ ಆಗಿದ್ರೆ ಕಂಪನಿ ಕಾಯ್ದೆ ಪ್ರಕಾರ 8 ಹಣಕಾಸು ವರ್ಷದ ಲೆಕ್ಕ ಇಟ್ಕೊಂಡಿರ್ಬೇಕು, ಜಿಎಸ್‌ಟಿಗೆ ಆ ವರ್ಷದ ಆನ್ಯುಯಲ್ ರಿಟರ್ನ್ ಕೊನೇ ದಿನದಿಂದ 72 ತಿಂಗಳು. ಹೊಸ ಸಾಫ್ಟ್‌ವೇರ್‌ಗೆ ಬರೀ ಓಪನಿಂಗ್ ಬ್ಯಾಲೆನ್ಸ್ ಹಾಕಿ ಹಳೇ ಸರ್ವರ್ ಗುಜರಿಗೆ ಕೊಟ್ರೆ, ನಾಳೆ ನೋಟಿಸ್ ಬಂದಾಗ ಆ ವರ್ಷದ ಪರ್ಚೇಸ್ ಬಿಲ್ ಎಲ್ಲಿಂದ ತೆಗೀತೀರ? ಹಳೇದನ್ನ ನೆಟ್‌ವರ್ಕ್‌ನಿಂದ ಪೂರ್ತಿ ಬಿಡಿಸಿ ಬರೀ ನೋಡೋದಕ್ಕೆ ಇಟ್ಕೊಳಿ, ಜೊತೆಗೆ ಲೆಡ್ಜರ್, ಸ್ಟಾಕ್, ಬಿಲ್ ಎಲ್ಲ ಎಕ್ಸೆಲ್ ಮತ್ತೆ ಪಿಡಿಎಫ್ ಮಾಡಿ ಬೇರೆ ಕಡೆ ಎರಡು ಕಾಪಿ ಇಡಿ.

ಕೊನೇದು ಎಎಂಸಿ, ಅಂದ್ರೆ ಸಾಫ್ಟ್‌ವೇರ್ ನೋಡ್ಕೊಳೋಕೆ ವರ್ಷಕ್ಕೊಮ್ಮೆ ಮಾಡ್ಕೊಳೋ ಒಪ್ಪಂದದ ವಿಷಯ. ವರ್ಷ ವರ್ಷ ಕಣ್ಣುಮುಚ್ಚಿ ರಿನ್ಯೂ ಮಾಡ್ತೀರಲ್ಲ, ಈ ಸಲ ವೆಂಡರ್ ಹತ್ರ ಬರವಣಿಗೆಯಲ್ಲಿ ಕೇಳಿ: ನಿಮ್ಮ ಸಾಫ್ಟ್‌ವೇರ್ ಯಾವ ವಿಂಡೋಸ್, ಯಾವ ಎಸ್‌ಕ್ಯೂಎಲ್ ವರ್ಷನ್‌ವರೆಗೆ ಓಡತ್ತೆ, ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಸೋಕೆ ಒಂದು ವರ್ಷ ಮುಂಚೆ ನೀವು ಹೊಸದಕ್ಕೆ ರೆಡಿ ಮಾಡಿಕೊಡ್ತೀರಾ, ನಿಮ್ಮ ಕಂಪನಿ ಮುಚ್ಚಿದ್ರೆ ನಮ್ಮ ಡೇಟಾನ ನಾವೇ ಹೇಗೆ ತೆಗಿಬೇಕು. ಫೋನಲ್ಲಿ "ಆಗತ್ತೆ ಬಿಡಿ ಸಾರ್" ಅಂದ್ರೆ ಒಪ್ಕೋಬೇಡಿ, ಈ ಮೂರೂ ಅಗ್ರಿಮೆಂಟ್‌ನಲ್ಲಿ ಬರೋವರೆಗೂ ಚೆಕ್‌ಗೆ ಸೈನ್ ಹಾಕ್ಬೇಡಿ.