ಅಲ್ಲಲ್ಲಿ ಎಂದರೆ ಎಲ್ಲಿ?

ಕಳೆದ ವಾರ ನಮ್ಮ ಮನೆಯಲ್ಲಿ ಐದು ಹಲಸಿನ ಕಾಯಿ ಹಣ್ಣಾಗಿ ಹೋದವು. ಅದಕ್ಕೆ ಕಾರಣ ನಾನು. ನನ್ನ ಫೋನ್ ಅಂತ ಹೇಳಿ ನೋಡಿದೆ, ಅಮ್ಮ ಒಪ್ಪಲಿಲ್ಲ.

ಹಪ್ಪಳಕ್ಕೆಂದು ಕಾಯಿ ಇಳಿಸಿ ಆಗಿತ್ತು. ಬೆಳಿಗ್ಗೆ ಅಮ್ಮ ಕೇಳಿದರು, "ಈ ವಾರ ಮಳೆ ಉಂಟಾ ನೋಡು ಮಾರಾಯ ನಿನ್ನ ಮೊಬೈಲಿನಲ್ಲಿ." ನೋಡಿದೆ. ಸೋಮವಾರದಿಂದ ಭಾನುವಾರದವರೆಗೆ ಸಾಲಾಗಿ ಏಳು ಮೋಡ, ಪ್ರತಿ ಮೋಡದ ಅಡಿಯಲ್ಲಿ ಹನಿ, ಜೊತೆಗೊಂದು ಮಿಂಚು. "ವಾರ ಇಡೀ ಮಳೆಯಂತೆ, ಬೇಡ ಅಮ್ಮ" ಎಂದೆ. ಆಮೇಲೆ ಐದು ದಿನ ಅಂಗಳದಲ್ಲಿ ಬರಿಗಾಲು ಇಡಲಾಗದ ಬಿಸಿಲು. ಮರದಿಂದ ಇಳಿದ ಹಲಸು ಹವಾಮಾನ ವರದಿಗೆ ಕಾಯುವುದಿಲ್ಲ. ಹಪ್ಪಳ ಆಗಬೇಕಾದದ್ದು ಹಣ್ಣಾಯಿತು. ಈಗ ಮನೆಯಲ್ಲಿ ಬೆಳಿಗ್ಗೆ ಗಟ್ಟಿ (ಹಲಸಿನ ಹಣ್ಣಿನ ಕಡುಬು), ಸಂಜೆ ಗಟ್ಟಿ. ನಾನು ಏನೂ ಮಾತಾಡದೆ ತಿನ್ನುತ್ತಿದ್ದೇನೆ.

ಆದರೆ ತಮಾಷೆ ನೋಡಿ. ಅದೇ ವಾರ ಸುಳ್ಯದಲ್ಲಿರುವ ಅಕ್ಕನಿಗೆ ಮೂರು ಸಂಜೆ ಗುಡುಗು, ಮಳೆ, ಕರೆಂಟ್ ಇಲ್ಲ. ಸುರತ್ಕಲ್‌ನಲ್ಲಿರುವ ತಮ್ಮನಿಗೆ ಒಂದು ಹನಿಯೂ ಇಲ್ಲ, ಬರೀ ಸೆಕೆ. ನಾವು ಬಂಟ್ವಾಳದ ಹತ್ತಿರ, ಇಬ್ಬರ ನಡುವೆ. ನಮಗೆ ದೂರದ ಗುಡುಗು ಮಾತ್ರ ಕೇಳಿಸಿತು. ಮೂರೂ ಮನೆ ಒಂದೇ ಜಿಲ್ಲೆ, ಮೂವರ ಫೋನಿನಲ್ಲೂ ಸಾಲಾಗಿ ಅವೇ ಮೋಡ.

ಈ ಸಲ ಸಿಟ್ಟಿನಲ್ಲೇ ಹವಾಮಾನ ಇಲಾಖೆಯ ಮೂಲ ವರದಿಯನ್ನು ತೆರೆದು ಓದಿದೆ. ಇಷ್ಟು ವರ್ಷ ನಾನೂ ಎಲ್ಲರ ಹಾಗೆ "ಇಲಾಖೆಯವರು ಮಳೆ ಎಂದರೆ ಧೈರ್ಯವಾಗಿ ಬಟ್ಟೆ ಒಗೆಯಬಹುದು" ಅಂತ ನಗಾಡಿದವನೇ. ವರದಿಯಲ್ಲಿ ಇದ್ದದ್ದು ಇಷ್ಟು: ಕರಾವಳಿ ಜಿಲ್ಲೆಗಳ ಅಲ್ಲಲ್ಲಿ ಗುಡುಗು ಸಹಿತ ಮಳೆ ಸಾಧ್ಯತೆ.

ಈ "ಅಲ್ಲಲ್ಲಿ" ಸುಮ್ನೆ ಬಾಯಿಗೆ ಬಂದ ಮಾತಲ್ಲ ಮಾರ್ರೆ, ಅದಕ್ಕೆ ಲೆಕ್ಕ ಉಂಟು. ಇಂಗ್ಲಿಷ್ ವರದಿಯಲ್ಲಿ ಐಸೊಲೇಟೆಡ್ ಎಂದು ಬರೆಯುತ್ತಾರೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ ದಾಖಲಾಗಬಹುದು ಎಂದು ಅದರ ಅರ್ಥ. ಶೇ 26ರಿಂದ 50 ಆದರೆ ಕೆಲವು ಕಡೆ. 51ರಿಂದ 75 ಆದರೆ ಹಲವು ಕಡೆ. ಅದಕ್ಕಿಂತ ಮೇಲೆ ಬಹುತೇಕ ಎಲ್ಲ ಕಡೆ. ಅಂದರೆ ನಾನು ಓದಬೇಕಿದ್ದದ್ದು "ನಾಲ್ಕರಲ್ಲಿ ಮೂರು ಊರಿಗೆ ಮಳೆ ಇಲ್ಲ" ಎಂದು. ಫೋನಿನ ಆಪ್ ಮಾತ್ರ ಮಳೆ ಒಂದೇ ಪಾಲಿಗೆ ಎಂದು ಹೇಳದೆ ಇಡೀ ಜಿಲ್ಲೆಯ ಮೇಲೆ ಮೋಡ ಕೂರಿಸಿತು. ಇಲಾಖೆ ಸರಿಯಾಗಿಯೇ ಹೇಳಿತ್ತು. ಅದನ್ನು ಹಪ್ಪಳದ ಚಾಪೆವರೆಗೆ ತಲುಪಿಸುವ ದಾರಿಯಲ್ಲಿ ಕೆಟ್ಟಿತು.

ಆ ಒಂದು ಪಾಲು ಯಾವ ಊರಿಗೆ ಎನ್ನುವುದೂ ಪೂರ್ತಿ ಲಾಟರಿ ಅಲ್ಲ. ಮಾರ್ಚ್ ಕೊನೆಯಿಂದ ಮೇ ತನಕ ಇಲ್ಲಿಯ ದಿನಚರಿ ಹೆಚ್ಚುಕಮ್ಮಿ ಒಂದೇ ರೀತಿ. ಬೆಳಿಗ್ಗೆ ಗಾಳಿ ಪೂರ್ವದಿಂದ, ಗುಡ್ಡದ ಕಡೆಯಿಂದ. ಹೊತ್ತು ಏರಿದಂತೆ ನೆಲ ಕಾಯುತ್ತದೆ, ಸಮುದ್ರ ಅಷ್ಟು ಕಾಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಒಳಗೆ ನುಗ್ಗುತ್ತದೆ. ನೀರಿನ ಪಸೆ ಹೊತ್ತ ಆ ಗಾಳಿ ಘಟ್ಟದ ಬುಡಕ್ಕೆ ಹೋಗಿ ಮೇಲೇರುತ್ತದೆ. ಎರಡು ಮೂರು ಗಂಟೆಗೆ ಪೂರ್ವದಲ್ಲಿ ಹೂಕೋಸಿನಂಥ ಮೋಡ ಎದ್ದು ನಿಂತಿರುತ್ತದೆ. ಅದು ಮೊದಲು ಸುರಿಯುವುದೇ ಸುಬ್ರಹ್ಮಣ್ಯ, ಸುಳ್ಯ, ಬೆಳ್ತಂಗಡಿ, ಕಾರ್ಕಳದ ಕಡೆ. ಮೇಲಿನ ಗಾಳಿ ಪಶ್ಚಿಮಕ್ಕೆ ತಳ್ಳಿದರೆ ಪುತ್ತೂರು, ಬಂಟ್ವಾಳದವರಿಗೂ ಸಿಕ್ಕೀತು. ಕಡಲ ಬದಿಗೆ ಬರುವಷ್ಟರಲ್ಲಿ ಎಷ್ಟೋ ಸಲ ಮೋಡದ ದಮ್ಮು ಮುಗಿದಿರುತ್ತದೆ. ಸುರತ್ಕಲ್‌ನವರಿಗೆ ಮಿಂಚು ನೋಡುವ ಭಾಗ್ಯ ಮಾತ್ರ.

ಹೀಗಿರುವಾಗ ಏಪ್ರಿಲ್‌ನ ಮುನ್ಸೂಚನೆಯಲ್ಲಿ ಕರಾವಳಿಯನ್ನು ಒಂದೇ ತುಂಡಾಗಿ ಹೇಳುವುದು ಯಾಕೆ ಎಂಬುದು ನನ್ನ ತಕರಾರು. ಜೂನ್‌ನಲ್ಲಿ ಸರಿ, ಆಗ ಕಾರವಾರದಿಂದ ತಲಪಾಡಿವರೆಗೆ ಎಲ್ಲರೂ ಒದ್ದೆ. ಈಗ ಹಾಗಲ್ಲ. ಘಟ್ಟದ ಬುಡ ಬೇರೆ, ಕಡಲ ಬದಿ ಬೇರೆ. ಟಿವಿಯವರು ಇಷ್ಟು ವಿಂಗಡಿಸಿ ಹೇಳಿದರೂ ಸಾಕಿತ್ತು. ಅವರು ಹೇಳುವುದು "ಕರಾವಳಿಯಲ್ಲಿ ಅಬ್ಬರಿಸಲಿರುವ ವರುಣ". ಹಿಂದೆ ಕಳೆದ ಜುಲೈಯ ನೆರೆಯ ವಿಡಿಯೋ. ಯೆಲ್ಲೋ ಅಲರ್ಟ್ ಎಂದರೆ "ಗಮನ ಇರಲಿ" ಎಂದಷ್ಟೇ. ಅದಕ್ಕೇ ಶಾಲೆಗೆ ರಜೆ ಉಂಟಾ ಎಂದು ಮಕ್ಕಳು ಕೇಳಲು ಶುರು.

ಇನ್ನು ಸೆಕೆಯ ವಿಷಯ. ಇದರಲ್ಲಿ ನಮಗೆ ಜಾಸ್ತಿ ಅನ್ಯಾಯ ಆಗಿದೆ.

ರಾತ್ರಿ ವಾರ್ತೆಯಲ್ಲಿ ಬಳ್ಳಾರಿ 38, ಮಂಗಳೂರು 34 ಎಂದು ಓದುತ್ತಾರೆ. ಘಟ್ಟದ ಮೇಲಿನ ನೆಂಟರು ಫೋನ್ ಮಾಡಿ "ನಿಮಗೇನಪ್ಪಾ, ತಂಪು" ಅನ್ನುತ್ತಾರೆ. ತಂಪಂತೆ! ಗಾಳಿಯಲ್ಲಿ ತೇವಾಂಶ ಶೇ 20 ಇದ್ದರೆ 38 ಡಿಗ್ರಿ ಮೈಗೆ ಸುಮಾರು 38ರ ಹಾಗೇ ಅನಿಸುತ್ತದೆ, ಬೆವರು ಆರುತ್ತದಲ್ವಾ. ತೇವಾಂಶ ಶೇ 60 ಇದ್ದಾಗ 34 ಡಿಗ್ರಿ ನೆರಳಿನಲ್ಲೇ 41-42ರಷ್ಟು ಕಾಡುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಸ್ನಾನ ಮಾಡಿ ಹೊರಗೆ ಬರುವಾಗಲೇ ಇನ್ನೊಂದು ಸ್ನಾನಕ್ಕೆ ಆಗಿರುತ್ತದೆ.

ಬಿಸಿಗಾಳಿ ಎಂದು ಘೋಷಿಸುವ ನಿಯಮವೂ ಉಷ್ಣತೆಯ ಅಂಕಿಯ ಮೇಲೆಯೇ ನಿಂತಿದೆ. ಬಯಲು ಸೀಮೆಯಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಪೂರ್ವದ ಗಾಳಿ ಜೋರಿದ್ದು ಕಡಲ ಗಾಳಿ ತಡವಾದ ದಿನಗಳಲ್ಲಿ ನಾವೂ ಅದನ್ನು ದಾಟುತ್ತೇವೆ. ಘಟ್ಟದಿಂದ ಕೆಳಗಿಳಿಯುವ ಒಣಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಕಾಯುತ್ತಾ ಬರುತ್ತದೆ. ಅದೇ ಕಾರಣಕ್ಕೆ ಫೆಬ್ರವರಿ, ಮಾರ್ಚ್‌ನ ಕೆಲವು ದಿನ ಮಂಗಳೂರು, ಕಾರವಾರದ ಉಷ್ಣತೆ ಎಲ್ಲರನ್ನೂ ದಂಗುಬಡಿಸುವುದು. ಆದರೆ ಏಪ್ರಿಲ್‌ನ ಮಾಮೂಲಿ 34ರ ಸೆಕೆ ಯಾವ ಬಿಸಿಗಾಳಿಯ ಲೆಕ್ಕಕ್ಕೂ ಸಿಗುವುದಿಲ್ಲ. ಇಲಾಖೆ ಈಗೀಗ ಬಿಸಿ ಮತ್ತು ತೇವದ ವಾತಾವರಣ ಎಂದು ಬೇರೆಯೇ ಎಚ್ಚರಿಕೆ ಕೊಡುತ್ತದೆ, ಒಳ್ಳೆಯದು. ಅದನ್ನು ಯಾರು ಓದಿ ಹೇಳುತ್ತಾರೆ? ಮಧ್ಯಾಹ್ನ ಒಂದು ಗಂಟೆಗೆ ಸ್ಲ್ಯಾಬ್ ಮೇಲೆ ಕಾಂಕ್ರೀಟ್ ಹಾಕುವವರಿಗೆ "ಮಂಗಳೂರು 34" ಎಂಬ ಮಾತಿನಿಂದ ಏನು ಪ್ರಯೋಜನ? ತೇವಾಂಶ ಎಷ್ಟು, ಕಡಲ ಗಾಳಿ ಎಷ್ಟು ಹೊತ್ತಿಗೆ ಬರಬಹುದು ಎಂದು ಹೇಳಿ. ಕಂಟ್ರಾಕ್ಟರ್‌ಗಳೂ ಆ ಎರಡು ತಾಸು ಕೆಲಸ ನಿಲ್ಲಿಸಲಿ.

ಒಂದು ವಿಷಯದಲ್ಲಿ ಮಾತ್ರ ನಾಲ್ಕರಲ್ಲಿ ಒಂದು ಪಾಲು ಎಂಬ ಲೆಕ್ಕ ಇಟ್ಟುಕೊಂಡು ಕೂರಬೇಡಿ. ಸಿಡಿಲು. ಮಳೆ ಬಾರದ ಊರಿಗೂ ಸಿಡಿಲು ಬರುತ್ತದೆ, ಮೋಡ ಇನ್ನೂ ದೂರ ಇರುವಾಗಲೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿದರೆ ಎಷ್ಟು ಕಿ.ಮೀ. ದೂರ ಎಂದು ಸಿಗುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರು ಮಾಡಿದ ದಾಮಿನಿ ಎಂಬ ಆಪ್ ಉಂಟು, ನಾವಿರುವ ಜಾಗದಿಂದ 20 ಮತ್ತು 40 ಕಿ.ಮೀ. ದೂರದೊಳಗಿನ ಸಿಡಿಲನ್ನು ತೋರಿಸುತ್ತದೆ. ನಮ್ಮ ಕಡೆ ಈಗ ತೋಟ ತೋಟದಲ್ಲೂ ಅಡಿಕೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಬಹಳ ಅನುಕೂಲ. ಆದರೆ ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ಪೂರ್ವದಲ್ಲಿ ಗುಡುಗುವಾಗ ಅದನ್ನು ಎತ್ತಿ ನಿಂತರೆ ಮಿಂಚಿಗೆ ಕೈ ಬೀಸಿ ಕರೆದ ಹಾಗೆ. ನೆರೆಮನೆಯ ಮಾವನಿಗೆ ಇದನ್ನು ಹೇಳಿದೆ. "ಇನ್ನು ಎರಡೇ ಗೊನೆ" ಎಂದರು. ಎಲ್ಲರದ್ದೂ ಯಾವಾಗಲೂ ಇನ್ನು ಎರಡೇ ಗೊನೆ.

ಅಮ್ಮನ ಲೆಕ್ಕ ಬೇರೆಯೇ ಉಂಟು. ರೇವತಿ ಮುಗಿದ ಮೇಲೆ ಅಶ್ವಿನಿ, ಆಮೇಲೆ ಭರಣಿ. ಭರಣಿ ಸುರಿದರೆ ಧರಣಿಗೆ ಒಳ್ಳೆಯದು, ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನ ಹತ್ತು ಹನಿಯಾದರೂ ಬೀಳಬೇಕು. ಅದನ್ನು ಇಟ್ಟುಕೊಂಡು ಮಂಗಳವಾರ ಚಾಪೆ ಹಾಸಬಹುದಾ ಎಂದು ಹೇಳಲಾಗುವುದಿಲ್ಲ, ನಿಜ. ಆದರೆ ಆಕೆ ನಕ್ಷತ್ರವೊಂದನ್ನೇ ನಂಬಿ ಕೂತವರಲ್ಲ.

ನಿನ್ನೆ ನೆಂಟರ ಮನೆಯಿಂದ ಮತ್ತೆ ನಾಲ್ಕು ಕಾಯಿ ಬಂತು. ಫೋನಿನಲ್ಲಿ ಈ ವಾರವೂ ಏಳು ಮೋಡ. ಅಮ್ಮ ನನ್ನನ್ನು ಏನೂ ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೇ ಸೊಳೆ ಬೇಯಿಸಿ, ಹತ್ತಕ್ಕೆ ಚಾಪೆ ಹಾಸಿ, ಮಧ್ಯಾಹ್ನ ಎರಡಕ್ಕೆ ಸುಳ್ಯಕ್ಕೆ ಫೋನ್ ಹಚ್ಚಿದರು. "ಅಲ್ಲಿ ಮೋಡ ಉಂಟಾ ಮಗಾ?" ಅಕ್ಕ ಅಂಗಳಕ್ಕೆ ಹೋಗಿ ನೋಡಿ ಬಂದು ಹೇಳಿದಳು, "ಉಂಟಮ್ಮ, ಕಪ್ಪಾಗಿದೆ. ನಿಮಗೆ ಇನ್ನೂ ಎರಡು ಗಂಟೆ ಸಿಗಬಹುದು."

ಮೂರೂವರೆಗೆ ಚಾಪೆ ಒಳಗೆ ಬಂತು. ಮಳೆ ಬರಲಿಲ್ಲ, ಅದು ಬೇರೆ ಮಾತು. ಹಪ್ಪಳ ಮುಕ್ಕಾಲು ಒಣಗಿದೆ.